ಕಿಕ್ ಮತ್ತು ಬೇಸ್ ಗುದ್ದಾಟ: ಸೈಡ್‌ಚೈನ್ ಕಂಪ್ರೆಶನ್ ಯಾವಾಗ ಬೇಕು, ಬೇರೆ ದಾರಿ ಯಾವಾಗ ಸಾಕು

ಡ್ರಮ್ಸ್ ಒಂದನ್ನೇ ಸೋಲೋ ಮಾಡಿದರೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಗಟ್ಟಿಯಾಗಿ ಕೇಳುತ್ತದೆ. ಬೇಸ್ ಒಂದನ್ನೇ ಕೇಳಿದರೂ ಕೊರತೆ ಅನಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟ ಕೂಡಲೇ ಕಿಕ್ ಎಲ್ಲೋ ಮುಳುಗುತ್ತದೆ, ಬೇಸ್‌ನಲ್ಲಿ ನೋಟ್ ಯಾವುದು ಅಂತ ತಿಳಿಯದ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ, ಮಾಸ್ಟರ್‌ನಲ್ಲಿರುವ ಲಿಮಿಟರ್ ಪ್ರತಿ ಏಟಿಗೂ ಕುಸಿಯುತ್ತದೆ.

ಕಾರಣ ಸರಳ. ನಾಲ್ಕು ತಂತಿಯ ಬೇಸ್ ಗಿಟಾರಿನ ಖಾಲಿ ತಂತಿಗಳು ಸುಮಾರು 41, 55, 73 ಮತ್ತು 98 ಹರ್ಟ್ಸ್‌ನಲ್ಲಿ ಮೂಲಸ್ವರ ಕೊಡುತ್ತವೆ. ಕಿಕ್‌ನ ಹೊಟ್ಟೆಭಾಗವೂ ಬಹುಪಾಲು 45ರಿಂದ 80 ಹರ್ಟ್ಸ್ ಒಳಗೇ ಬೀಳುತ್ತದೆ. ಒಂದೇ ಮಟ್ಟದ ಎರಡು ದನಿಗಳು ಅಲ್ಲಿ ಸೇರಿದಾಗ ಸರಾಸರಿ 3 ಡೆಸಿಬಲ್ ಏರುತ್ತದೆ. ಅಲೆಗಳು ಸರಿಯಾಗಿ ಒಂದರ ಮೇಲೊಂದು ಕೂತರೆ 6 ಡೆಸಿಬಲ್ ಏರುತ್ತದೆ, ಎದುರುಬದುರಾದರೆ ಎರಡೂ ಕರಗಿ ಹೋಗುತ್ತವೆ. ಬೇಸ್ ನುಡಿಸುವವರು ಪ್ರತಿ ನೋಟನ್ನೂ ಬೇರೆ ಬೇರೆ ಕ್ಷಣದಲ್ಲಿ ಮೀಟುವುದರಿಂದ ಒಂದು ಕಿಕ್ ಉಬ್ಬಿದಂತೆ, ಮುಂದಿನದು ಪೊಳ್ಳಾದಂತೆ ಕೇಳುತ್ತದೆ.

ಇದಕ್ಕೆ ಸೈಡ್‌ಚೈನ್ ಕಂಪ್ರೆಶನ್, ಅಂದರೆ ಕಿಕ್ ಬಿದ್ದಾಗಲೆಲ್ಲ ಬೇಸನ್ನು ತಾನಾಗಿ ತಗ್ಗಿಸುವುದು, ಎಲ್ಲರೂ ಮೊದಲು ಹೇಳುವ ಮದ್ದು. ಆದರೆ ಆ ಹೆಸರಿನಡಿ ಬರುವ ವಿಧಾನಗಳು ಒಂದೇ ಅಲ್ಲ, ಕೆಲವು ಹಾಡುಗಳಿಗೆ ಅದು ಬೇಡವೂ ಬೇಡ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮನುಷ್ಯರು ನುಡಿಸಿದ ಬೇಸ್ ಮತ್ತು ಡ್ರಮ್ಸ್ ಇದ್ದರೆ ಬೇಸ್‌ನ ಕೆಳಭಾಗವನ್ನು ಮಾತ್ರ ತಗ್ಗಿಸುವ ಸೈಡ್‌ಚೈನ್ ಒಳ್ಳೆಯದು. ಗ್ರಿಡ್ ಮೇಲೆ ಪ್ರೋಗ್ರಾಂ ಮಾಡಿದ ಸಂಗೀತವಾದರೆ, ಬರೆದ ಗೆರೆಯಂತೆ ದನಿ ಏರಿಳಿಸುವ ವಾಲ್ಯೂಮ್ ಶೇಪರ್ ಒಳ್ಳೆಯದು. ಇಡೀ ಬೇಸನ್ನು ತಗ್ಗಿಸುವ ಸಾದಾ ಸೈಡ್‌ಚೈನ್ ಕಂಪ್ರೆಸರ್ ಇವೆರಡರ ನಡುವೆ ನಿಲ್ಲುತ್ತದೆ. ಕಲಿಯಲು ಅದೇ ಸರಿಯಾದ ಮೊದಲ ಮೆಟ್ಟಿಲು, ಕೊನೆಯ ಆಯ್ಕೆಯಾಗಿ ಉಳಿಯುವುದು ಮಾತ್ರ ಕಡಿಮೆ.

ಪ್ಲಗಿನ್ ಹಾಕುವ ಮುನ್ನ

ಮೊದಲು ಗುದ್ದಾಟ ನಿಜವಾಗಿಯೂ ಟ್ರ್ಯಾಕ್‌ನಲ್ಲಿದೆಯೇ ಎಂದು ನೋಡಿ. ಕೋಣೆಯ ಎದುರುಬದುರು ಗೋಡೆಗಳ ನಡುವೆ 3 ಮೀಟರ್ ಇದ್ದರೆ ಸುಮಾರು 57 ಹರ್ಟ್ಸ್‌ನಲ್ಲಿ, 3.4 ಮೀಟರ್ ಇದ್ದರೆ ಸುಮಾರು 50 ಹರ್ಟ್ಸ್‌ನಲ್ಲಿ ಕೋಣೆಯೇ ಅನುರಣಿಸುತ್ತದೆ. ಅಂದರೆ ಕಿಕ್ ಇರುವ ಜಾಗದಲ್ಲೇ. ಹೆಡ್‌ಫೋನ್‌ನಲ್ಲಿ ಮಾಯವಾಗುವ ಗುಂಯ್‌ಗುಡುವಿಕೆಯನ್ನು ಕಂಪ್ರೆಸರ್‌ನಿಂದ ಸರಿಪಡಿಸಲು ಹೋದರೆ ಬೇಸ್ ಸುಮ್ಮನೆ ಬಡವಾಗುತ್ತದೆ, ಅಷ್ಟೇ.

ಆಮೇಲೆ ಪೋಲಾರಿಟಿ, ಅಂದರೆ ಅಲೆ ಮೊದಲು ಮೇಲಕ್ಕೆ ಹೋಗುತ್ತದೋ ಕೆಳಕ್ಕೋ ಅನ್ನುವುದು. ಬೇಸ್ ಟ್ರ್ಯಾಕ್‌ನ ಫೇಸ್ ಬಟನ್ ಒತ್ತಿ, ಕಿಕ್ ಜೊತೆ ಮೋನೋದಲ್ಲಿ ಕೇಳಿ. ಯಾವುದರಲ್ಲಿ ಕೆಳದನಿ ಹೆಚ್ಚು ತುಂಬಿಕೊಂಡಿದೆಯೋ ಅದನ್ನೇ ಇಟ್ಟುಕೊಳ್ಳಿ. ಡಿಐ (ಬೇಸ್ ಗಿಟಾರಿನಿಂದ ನೇರ ತಂತಿಯಲ್ಲಿ ಬಂದ ದನಿ) ಮತ್ತು ಆ್ಯಂಪ್ ಮೈಕ್ ಎರಡನ್ನೂ ರೆಕಾರ್ಡ್ ಮಾಡಿದ್ದರೆ ಮೊದಲು ಅವೆರಡನ್ನೇ ಪರಸ್ಪರ ಹೊಂದಿಸಬೇಕು. ಸ್ಪೀಕರಿನಿಂದ 34 ಸೆಂಟಿಮೀಟರ್ ದೂರದಲ್ಲಿರುವ ಮೈಕ್‌ಗೆ ದನಿ ಸುಮಾರು 1 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 48 ಕಿಲೋಹರ್ಟ್ಸ್ ಸೆಶನ್‌ನಲ್ಲಿ ಅದು 48 ಸ್ಯಾಂಪಲ್. ಮೈಕ್ ಟ್ರ್ಯಾಕನ್ನು ಅಷ್ಟು ಮುಂಚಿತವಾಗಿ ಸರಿಸಿದರೆ ಬೇಸ್ ತಾನಾಗಿಯೇ ಗಟ್ಟಿಯಾಗುತ್ತದೆ.

ಮೂರನೆಯದು ನೋಟ್‌ನ ಉದ್ದ. ಬಹಳ ಸಲ ಬೇಸ್ ಸಡಿಲ ಅನಿಸುವುದು ಹಿಂದಿನ ನೋಟ್ ಮುಂದಿನ ಕಿಕ್ ಮೇಲೂ ಹರಿಯುತ್ತಿರುವುದರಿಂದ. ಕಿಕ್ ಬರುವ 20–30 ಮಿಲಿಸೆಕೆಂಡ್ ಮುಂಚೆ ನೋಟನ್ನು ಸಣ್ಣ ಫೇಡ್ ಹಾಕಿ ಕತ್ತರಿಸಿದರೆ ಯಾವ ಪ್ಲಗಿನ್ನೂ ಕೊಡದಷ್ಟು ಬಿಗಿ ಸಿಗುತ್ತದೆ. ನಾಲ್ಕು ಬಾರ್‌ನಲ್ಲಿ ಮಾಡಿ ನೋಡಿ, ಹಿಡಿಸಿದರೆ ಮಾತ್ರ ಇಡೀ ಹಾಡಿಗೆ ಮಾಡಿ. ಬೇಸರದ ಕೆಲಸ, ಸುಳ್ಳಲ್ಲ.

ಸ್ಥಿರ ಇಕ್ಯೂ (ಈಕ್ವಲೈಸರ್): ಎಷ್ಟು ದೂರ ಹೋಗುತ್ತದೆ

ಕಿಕ್‌ಗೆ 55–60 ಹರ್ಟ್ಸ್ ಬಿಟ್ಟುಕೊಟ್ಟು ಬೇಸ್‌ನಲ್ಲಿ ಅಲ್ಲೇ 2–3 ಡೆಸಿಬಲ್ ತಗ್ಗಿಸುವುದು, ಬೇಸ್‌ಗೆ 90–110 ಹರ್ಟ್ಸ್ ಬಿಟ್ಟುಕೊಟ್ಟು ಕಿಕ್‌ನಲ್ಲಿ ಅಲ್ಲಿ ತಗ್ಗಿಸುವುದು ಹಳೆಯ ಪದ್ಧತಿ. ಕಿಕ್ ಮತ್ತು ಬೇಸ್ ಸದಾ ಒಟ್ಟಿಗೇ ಬೀಳುವ ಹಾಡಿನಲ್ಲಿ ಇದು ಸಾಕಾಗುತ್ತದೆ. ಕಿಕ್ ಇಲ್ಲದ ಭಾಗದಲ್ಲೂ ಬೇಸ್ ತೆಳುವಾಗೇ ಇರುತ್ತದೆ ಅನ್ನುವುದು ಇದರ ಕೊರತೆ. ಡ್ರಮ್ಸ್ ನಿಂತು ಬೇಸ್ ಮತ್ತು ಹಾಡುಗಾರಿಕೆ ಮಾತ್ರ ಉಳಿಯುವ ಜಾಗ ಹಾಡಿನಲ್ಲಿದ್ದರೆ ಅಲ್ಲಿ ಬೇಸ್ ಸೊರಗಿದ್ದು ಎದ್ದು ಕಾಣುತ್ತದೆ. ಬೇಸ್ ತಗ್ಗಬೇಕಾದದ್ದು ಕಿಕ್ ಬಿದ್ದಾಗ ಮಾತ್ರ. ಸೈಡ್‌ಚೈನ್ ಬೇಕಾಗುವುದು ಅದಕ್ಕೇ.

ಸಾದಾ ಸೈಡ್‌ಚೈನ್ ಕಂಪ್ರೆಸರ್

ಕಂಪ್ರೆಸರ್ ಬೇಸ್ ಟ್ರ್ಯಾಕ್ ಮೇಲೆ ಕೂರುತ್ತದೆ, ಆದರೆ ಯಾವಾಗ ತಗ್ಗಿಸಬೇಕು ಅನ್ನುವುದನ್ನು ಕಿಕ್ ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ತಗ್ಗಿಸಬೇಕು ಅನ್ನುವುದು) ಹೊಂದಿಸುವಾಗ ಕಣ್ಣು ಕಿಕ್‌ನ ಮಟ್ಟದ ಮೇಲಿರಬೇಕು, ಬೇಸ್‌ನ ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಸಬರು ಎಡವುವುದು ಇಲ್ಲೇ. ಕಿಕ್‌ನ ಪೀಕ್ ಮೈನಸ್ 8 ಡೆಸಿಬಲ್‌ನಲ್ಲಿದ್ದು, ಥ್ರೆಶೋಲ್ಡ್ ಮೈನಸ್ 14, ರೇಶಿಯೋ 3:1 ಇದ್ದರೆ ಬೇಸ್ ಹೆಚ್ಚೆಂದರೆ 4 ಡೆಸಿಬಲ್ ತಗ್ಗುತ್ತದೆ. ಥ್ರೆಶೋಲ್ಡನ್ನು ಮೈನಸ್ 20ಕ್ಕೆ ಇಳಿಸಿ ರೇಶಿಯೋ 4:1 ಮಾಡಿದರೆ ಅದೇ ಏಟಿಗೆ 9 ಡೆಸಿಬಲ್. ಲೆಕ್ಕ ಇಷ್ಟೇ: ಥ್ರೆಶೋಲ್ಡ್ ದಾಟಿದ ಡೆಸಿಬಲ್‌ಗಳನ್ನು ರೇಶಿಯೋದಿಂದ ಭಾಗಿಸಿ, ಬಂದದ್ದನ್ನು ದಾಟಿದ ಮೊತ್ತದಿಂದಲೇ ಕಳೆಯಿರಿ.

ಬ್ಯಾಂಡ್ ಸಂಗೀತಕ್ಕೆ 2ರಿಂದ 4 ಡೆಸಿಬಲ್ ತಗ್ಗಿಸುವಿಕೆ ಸಾಕು. ಡಾನ್ಸ್ ಸಂಗೀತದಲ್ಲಿ ಉಸಿರಾಡಿದಂತೆ ಏರಿಳಿಯಬೇಕೆಂದೇ ಇದ್ದರೆ 6ರಿಂದ 12, ಅದಕ್ಕೂ ಹೆಚ್ಚು ಇಡುವವರಿದ್ದಾರೆ.

ರೇಶಿಯೋ ಎಷ್ಟಿರಬೇಕು ಅನ್ನುವುದು ಡ್ರಮ್ಸ್ ನುಡಿಸಿದವರ ಕಾಲನ್ನು ನೋಡಿ ತೀರ್ಮಾನಿಸುವ ವಿಷಯ. ಏಟಿನಿಂದ ಏಟಿಗೆ 6 ಡೆಸಿಬಲ್ ವ್ಯತ್ಯಾಸವಿದ್ದರೆ 2:1ರಲ್ಲಿ ತಗ್ಗಿಸುವಿಕೆ 3 ಡೆಸಿಬಲ್‌ನಷ್ಟು ಬದಲಾಗುತ್ತದೆ, 10:1ರಲ್ಲಿ 5.4ರಷ್ಟು. ಆದ್ದರಿಂದ ಮನುಷ್ಯರು ನುಡಿಸಿದ ಕಿಕ್‌ಗೆ ಕಡಿಮೆ ರೇಶಿಯೋ. ಕಂಪ್ರೆಸರ್‌ನಲ್ಲಿ ರೇಂಜ್ ಎಂಬ ತಿರುಗಣೆ ಇದ್ದರೆ ಇನ್ನೂ ಒಳ್ಳೆಯದು. ರೇಂಜನ್ನು 4 ಡೆಸಿಬಲ್‌ಗೆ ಕಟ್ಟಿಹಾಕಿ ಥ್ರೆಶೋಲ್ಡನ್ನು ಧಾರಾಳವಾಗಿ ಇಳಿಸಿ. ಆಗ ಮೆತ್ತಗಿನ ಏಟಿಗೂ ಜೋರು ಏಟಿಗೂ ಬೇಸ್ ಒಂದೇ ಅಳತೆಗೆ ಸರಿಯುತ್ತದೆ. ರೇಂಜ್ ಇಲ್ಲದಿದ್ದರೆ ಮಿಕ್ಸ್ ತಿರುಗಣೆಯಿಂದಲೂ ಆ ಕೆಲಸ ಆಗುತ್ತದೆ. ಮಿಕ್ಸ್ 50 ಪ್ರತಿಶತದಲ್ಲಿದ್ದರೆ ಕಂಪ್ರೆಸರ್ ಎಷ್ಟೇ ಹಿಂಡಿದರೂ ಒಟ್ಟು ಇಳಿತ 6 ಡೆಸಿಬಲ್ ದಾಟುವುದಿಲ್ಲ.

ಅಟ್ಯಾಕ್, ಅಂದರೆ ಬೇಸ್ ಕೆಳಗಿಳಿಯಲು ಹಿಡಿಯುವ ಸಮಯ, 5ರಿಂದ 10 ಮಿಲಿಸೆಕೆಂಡ್. ಅದಕ್ಕಿಂತ ತೀರಾ ವೇಗವಾದರೆ ಏನಾಗುತ್ತದೆ ಅಂದರೆ, 41 ಹರ್ಟ್ಸ್ ನೋಟ್‌ನ ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು. ಆ ಅಲೆಯನ್ನು ಅರ್ಧ ಮಿಲಿಸೆಕೆಂಡ್‌ನಲ್ಲಿ ಥಟ್ಟನೆ ಕುಗ್ಗಿಸಿದರೆ ಅಲ್ಲೊಂದು ಮೆಟ್ಟಿಲು ಮೂಡಿ, ಅದು ಟಿಕ್ ಎಂದು ಕೇಳುತ್ತದೆ. ಕಿಕ್‌ನ ಕ್ಲಿಕ್ ಜೊತೆ ಅದು ಬೆರೆತುಹೋಗುವುದರಿಂದ ಕೆಲವೊಮ್ಮೆ ಕಿಕ್ಕೇ ಚುರುಕಾಯಿತು ಅಂತ ಭ್ರಮೆಯೂ ಆಗುತ್ತದೆ. ಕಿಕ್ ಮ್ಯೂಟ್ ಮಾಡಿ ಬೇಸ್ ಮಾತ್ರ ಕೇಳಿದರೆ ಗುಟ್ಟು ಹೊರಬೀಳುತ್ತದೆ. ಮ್ಯೂಟ್ ಮಾಡಿದರೆ ಸೆಂಡ್ (ಕಂಪ್ರೆಸರ್‌ಗೆ ಕಿಕ್ ಕಳಿಸುವ ದಾರಿ) ಕೂಡ ನಿಲ್ಲುವ ಸಾಫ್ಟ್‌ವೇರ್‌ಗಳಲ್ಲಿ ಬೇಸ್ ಟ್ರ್ಯಾಕನ್ನು ಸೋಲೋ ಮಾಡಿಯೋ, ಕಿಕ್ ಮಾಸ್ಟರ್‌ಗೆ ಹೋಗುವ ದಾರಿಯನ್ನು ಮಾತ್ರ ಕಡಿದೋ ಕೇಳಬೇಕು.

ರಿಲೀಸ್‌ನಲ್ಲಿ, ಅಂದರೆ ಬೇಸ್ ಮತ್ತೆ ಮೇಲೇರಲು ಹಿಡಿಯುವ ಸಮಯದಲ್ಲಿ, ತಾಳ ಕೂರುತ್ತದೆ, ಇಲ್ಲಿ ಸ್ವಲ್ಪ ನಿಧಾನಿಸೋಣ. ಹಾಡು 100 ಬಿಪಿಎಂ (ನಿಮಿಷಕ್ಕೆ 100 ಬೀಟ್) ಅಂತಿಟ್ಟುಕೊಳ್ಳಿ. 60,000ವನ್ನು 100ರಿಂದ ಭಾಗಿಸಿದರೆ ಒಂದು ಬೀಟ್‌ಗೆ 600 ಮಿಲಿಸೆಕೆಂಡ್, ಅರ್ಧ ಬೀಟ್‌ಗೆ 300. ಒಂದನೇ ಬೀಟ್‌ನಲ್ಲಿ ಕಿಕ್ ಬಿತ್ತು, ಬೇಸ್ ಅದೇ ಕ್ಷಣದಲ್ಲಿ ಕೆಳಗಿನ ಇ ಸ್ವರ ಹಿಡಿದು ಬಾರ್ ಪೂರ್ತಿ ನಿಂತಿದೆ. ಮೊದಲ 10 ಮಿಲಿಸೆಕೆಂಡ್‌ನಲ್ಲಿ ಕಿಕ್‌ನ ಕ್ಲಿಕ್ ಹೊರಬರುತ್ತದೆ, ಎಷ್ಟು ತಗ್ಗಿದೆ ಎಂದು ತೋರಿಸುವ ಗೇನ್ ರಿಡಕ್ಷನ್ ಮೀಟರ್ ಕೆಳಗಿಳಿಯಲು ತೊಡಗುತ್ತದೆ. 20ರಿಂದ 100 ಮಿಲಿಸೆಕೆಂಡ್‌ವರೆಗೆ ಕಿಕ್‌ನ ಹೊಟ್ಟೆಭಾಗ ಮಾತಾಡುತ್ತದೆ, ಮೀಟರ್ 4 ಡೆಸಿಬಲ್‌ನಲ್ಲಿ ನಿಂತಿರುತ್ತದೆ. ಆಮೇಲೆ ಕಿಕ್ ಕರಗುತ್ತದೆ, ಬೇಸ್ ಮೇಲೇರುತ್ತದೆ. 300ನೇ ಮಿಲಿಸೆಕೆಂಡ್‌ನಲ್ಲಿ ಹೈಹ್ಯಾಟ್ ಬೀಳುವಷ್ಟರಲ್ಲಿ ಮೀಟರ್ ಸೊನ್ನೆಗೆ ಬಂದಿರಬೇಕು. ಇದಕ್ಕೆ ರಿಲೀಸ್ 100ರಿಂದ 150ರ ನಡುವೆ ಎಲ್ಲೋ ಸಿಗುತ್ತದೆ. ಕರಾರುವಾಕ್ಕಾದ ಸಂಖ್ಯೆ ಕೊಟ್ಟು ಪ್ರಯೋಜನವಿಲ್ಲ, ಏಕೆಂದರೆ ರಿಲೀಸ್ ಸಮಯವನ್ನು ಒಂದೊಂದು ಪ್ಲಗಿನ್ ಒಂದೊಂದು ರೀತಿ ಅಳೆಯುತ್ತದೆ. ಮೀಟರ್ ಯಾವಾಗ ಸೊನ್ನೆ ಮುಟ್ಟಿತು ಅನ್ನುವುದನ್ನೇ ನಂಬಿ.

ರಿಲೀಸ್ ಉದ್ದವಾದರೆ ಬೇಸ್ ಮುಂದಿನ ಕಿಕ್‌ವರೆಗೂ ಏಳುವುದೇ ಇಲ್ಲ. ಆಗ ಅದು ಸೈಡ್‌ಚೈನ್ ಆಗದೆ ಫೇಡರ್ ಇಳಿಸಿದಂತಾಗುತ್ತದೆ. ತೀರಾ ಚಿಕ್ಕದಾದರೆ, 10–20 ಮಿಲಿಸೆಕೆಂಡ್ ಆದರೆ, ಕಂಪ್ರೆಸರ್ ಕಿಕ್‌ನ ಒಂದೊಂದು ಅಲೆಯನ್ನೂ ಹಿಂಬಾಲಿಸಲು ಹೋಗಿ ಬೇಸ್ ಗರಗರ ಅನ್ನುತ್ತದೆ. ಇದಕ್ಕೆ ರಿಲೀಸನ್ನು 50ಕ್ಕಿಂತ ಮೇಲಿಡುವುದು, ಹೋಲ್ಡ್ (ಏರುವ ಮುನ್ನ ತಳದಲ್ಲೇ ಹಿಡಿಯುವ ಸಮಯ) ಇದ್ದರೆ 20–30 ಮಿಲಿಸೆಕೆಂಡ್ ಕೊಡುವುದು, ಅಥವಾ ಕಿಕ್‌ನ ಮಟ್ಟ ಅಳೆಯುವ ಡಿಟೆಕ್ಟರನ್ನು ಪೀಕ್‌ನಿಂದ ಆರ್‌ಎಂಎಸ್‌ಗೆ (ಸರಾಸರಿ ಮಟ್ಟಕ್ಕೆ) ಬದಲಿಸುವುದು ಪರಿಹಾರ.

ಜೋಡಣೆ, ಮತ್ತು ಅಲ್ಲಿ ತಪ್ಪುವುದು

ರೀಪರ್ ಸಾಫ್ಟ್‌ವೇರ್‌ನಲ್ಲಿ ಕಿಕ್ ಟ್ರ್ಯಾಕ್‌ನ ರೂಟ್ ಬಟನ್ನನ್ನು ಬೇಸ್ ಟ್ರ್ಯಾಕ್ ಮೇಲೆ ಎಳೆದು ಬಿಡಿ. ತೆರೆಯುವ ಸೆಂಡ್ ಕಿಟಕಿಯಲ್ಲಿ ಸ್ವೀಕರಿಸುವ ಚಾನೆಲ್‌ಗಳನ್ನು 1/2 ಬದಲು 3/4 ಮಾಡಿ. ಇದನ್ನು ಮರೆತರೆ ಕಿಕ್ ಬೇಸ್ ಟ್ರ್ಯಾಕ್‌ನಿಂದಲೂ ಕೇಳಿಸಿ ಎರಡು ಪಟ್ಟಾಗುತ್ತದೆ. ಕಿಕ್ ಇದ್ದಕ್ಕಿದ್ದಂತೆ ದಪ್ಪವಾಯಿತು ಅನಿಸಿದರೆ ಮೊದಲು ನೋಡಬೇಕಾದದ್ದು ಇದನ್ನೇ. ನಂತರ ಬೇಸ್ ಮೇಲೆ ರೀಕಾಂಪ್ ಕಂಪ್ರೆಸರ್ ಹಾಕಿ, ಡಿಟೆಕ್ಟರ್ ಇನ್‌ಪುಟ್‌ನಲ್ಲಿ ಆಕ್ಸಿಲಿಯರಿ ಆಯ್ಕೆ ಮಾಡಿ.

ಏಬಲ್ಟನ್ ಲೈವ್‌ನಲ್ಲಿ ಕಂಪ್ರೆಸರ್‌ನ ಎಡಗಡೆಯ ಪುಟ್ಟ ತ್ರಿಕೋನ ಒತ್ತಿದರೆ ಸೈಡ್‌ಚೈನ್ ಭಾಗ ತೆರೆಯುತ್ತದೆ. ಅಲ್ಲಿ ಕಿಕ್ ಟ್ರ್ಯಾಕ್ ಆರಿಸಿ. ಕಿಕ್ ಡ್ರಮ್ ರ್‍ಯಾಕ್ ಒಳಗಿದ್ದರೆ ಆ ಒಂದು ಪ್ಯಾಡನ್ನೇ ಮೂಲವಾಗಿ ಆರಿಸಬಹುದು. ಲಾಜಿಕ್‌ನಲ್ಲಿ ಪ್ಲಗಿನ್ ಕಿಟಕಿಯ ಮೇಲ್ತುದಿಯ ಬಲಗಡೆ ಸೈಡ್ ಚೈನ್ ಮೆನು ಇದೆ. ಎಫ್‌ಎಲ್ ಸ್ಟುಡಿಯೋದಲ್ಲಿ ಕಿಕ್‌ನ ಮಿಕ್ಸರ್ ಟ್ರ್ಯಾಕ್ ಆರಿಸಿಕೊಂಡು, ಬೇಸ್ ಟ್ರ್ಯಾಕ್‌ನ ಕೆಳಗಿನ ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿ ಸೈಡ್‌ಚೈನ್ ಆಯ್ಕೆ ಒತ್ತಿ, ಫ್ರೂಟಿ ಲಿಮಿಟರ್‌ನ ಕಾಂಪ್ ಭಾಗದಲ್ಲಿ ಆ ಸೈಡ್‌ಚೈನನ್ನು ಆರಿಸಬೇಕು.

ಆಡಾಸಿಟಿಯ ಆಟೋ ಡಕ್ ಬಗ್ಗೆ ಒಂದು ಮಾತು. ಅದು ಮಾತಿನ ಕೆಳಗೆ ಸಂಗೀತ ತಗ್ಗಿಸಲು ಮಾಡಿದ ಸಾಧನ. ನಿಯಂತ್ರಿಸುವ ಟ್ರ್ಯಾಕ್ ಕೆಳಗಡೆ ಇರಬೇಕು, ಮೊದಲೇ ಇರುವ ಸೆಟ್ಟಿಂಗ್ 12 ಡೆಸಿಬಲ್ ಇಳಿಕೆ, ಅರ್ಧ ಸೆಕೆಂಡ್ ಫೇಡ್, 1 ಸೆಕೆಂಡ್ ವಿರಾಮ. 600 ಮಿಲಿಸೆಕೆಂಡ್‌ಗೊಮ್ಮೆ ಬರುವ ಕಿಕ್‌ಗೆ ಆ 1 ಸೆಕೆಂಡ್ ವಿರಾಮ ಎಂದೂ ಮುಗಿಯುವುದಿಲ್ಲ, ಬೇಸ್ ಹಾಡಿನುದ್ದಕ್ಕೂ ಕೆಳಗೇ ಇರುತ್ತದೆ. ಕಿಕ್ ಮತ್ತು ಬೇಸ್ ಕೆಲಸಕ್ಕೆ ಅದನ್ನು ಬಿಟ್ಟುಬಿಡಿ.

ಯಾವ ಸಾಫ್ಟ್‌ವೇರ್ ಆದರೂ ಮೂರು ಕಡೆ ಎಡವಟ್ಟಾಗುತ್ತದೆ. ಮೊದಲನೆಯದು, ಸೆಂಡ್ ಪೋಸ್ಟ್ ಫೇಡರ್ ಆಗಿದ್ದರೆ ಕಿಕ್‌ನ ಫೇಡರ್ ಮುಟ್ಟಿದಾಗಲೆಲ್ಲ ಬೇಸ್ ತಗ್ಗುವ ಪ್ರಮಾಣವೂ ಬದಲಾಗುತ್ತದೆ. ಅದನ್ನು ಪ್ರೀ ಫೇಡರ್ ಮಾಡಿ. ಎರಡನೆಯದು, ಆಟೋ ಮೇಕಪ್ ಅಥವಾ ಆಟೋ ಗೇನ್ ಆನ್ ಇದ್ದರೆ ಕಿಕ್ ಇಲ್ಲದಾಗ ಬೇಸ್ ಉಬ್ಬುತ್ತದೆ. ಆಫ್ ಮಾಡಿ, ಬೈಪಾಸ್ ಮಾಡಿ ಹೋಲಿಸುವಾಗಲೂ ನೆನಪಿರಲಿ, ಜೋರಾದದ್ದು ಕಿವಿಗೆ ಸದಾ ಚೆನ್ನಾಗಿಯೇ ಕೇಳುತ್ತದೆ. ಮೂರನೆಯದು ಪ್ಲಗಿನ್‌ಗಳ ಸರದಿ. ಬೇಸ್‌ನ ಮಾಮೂಲಿ ಕಂಪ್ರೆಸರ್, ಸ್ಯಾಚುರೇಶನ್, ಆ್ಯಂಪ್ ಸಿಮ್ಯುಲೇಟರ್ ಎಲ್ಲ ಮೊದಲು ಬರಲಿ, ಸೈಡ್‌ಚೈನ್ ಕೊನೆಗೆ. ಸೈಡ್‌ಚೈನ್ ಆದಮೇಲೆ ಲಿಮಿಟರ್ ಅಥವಾ ಡಿಸ್ಟಾರ್ಶನ್ ಇಟ್ಟರೆ ಕಷ್ಟಪಟ್ಟು ಮಾಡಿದ ತಗ್ಗನ್ನು ಅವು ಮತ್ತೆ ತುಂಬಿಬಿಡುತ್ತವೆ.

ನಿಜವಾದ ಡ್ರಮ್ ಕಿಟ್ ರೆಕಾರ್ಡ್ ಮಾಡಿದ್ದರೆ ಕಿಕ್ ಮೈಕ್‌ನಲ್ಲಿ ಸ್ನೇರ್ ಕೂಡ ಸೋರಿರುತ್ತದೆ. ಸ್ನೇರ್ ಬಿದ್ದಾಗಲೂ ಬೇಸ್ ಕುಸಿದರೆ ಹಾಡು ತೂಕಡಿಸಿದಂತಾಗುತ್ತದೆ. ಡಿಟೆಕ್ಟರ್‌ನಲ್ಲಿರುವ ಲೋಪಾಸ್ ಫಿಲ್ಟರನ್ನು (ಕೆಳದನಿ ಮಾತ್ರ ಬಿಡುವುದು) 100–120 ಹರ್ಟ್ಸ್‌ಗೆ ಇಳಿಸಿ. ಅದೂ ಸಾಲದಿದ್ದರೆ ಬೇರೆಯೇ ಒಂದು ಟ್ರಿಗರ್ ಟ್ರ್ಯಾಕ್ ಮಾಡಿ: ಪ್ರತಿ ಕಿಕ್ ಇರುವ ಜಾಗಕ್ಕೆ 20–30 ಮಿಲಿಸೆಕೆಂಡ್‌ನ ಪುಟ್ಟ ಕ್ಲಿಕ್ ಸ್ಯಾಂಪಲ್ ಇಟ್ಟು, ಅದರ ಮಾಸ್ಟರ್ ಔಟ್‌ಪುಟ್ ತೆಗೆದು, ಕಂಪ್ರೆಸರ್‌ಗೆ ಮಾತ್ರ ಕಳಿಸಿ. ಇದರಲ್ಲಿ ಎಲ್ಲ ಏಟುಗಳೂ ಒಂದೇ ಮಟ್ಟದಲ್ಲಿರುತ್ತವೆ, ಸೋರಿಕೆಯ ಮಾತೇ ಇಲ್ಲ. ಈ ಟ್ರಿಗರ್ ಟ್ರ್ಯಾಕನ್ನು 5 ಮಿಲಿಸೆಕೆಂಡ್ ಮುಂಚಿತವಾಗಿ ಸರಿಸಿದರೆ ಲುಕ್‌ಅಹೆಡ್ (ಏಟನ್ನು ಮೊದಲೇ ನೋಡಿ ತಗ್ಗಿಸುವ ಸೌಲಭ್ಯ) ಇಲ್ಲದ ಕಂಪ್ರೆಸರ್‌ಗೂ ಆ ಅನುಕೂಲ ಸಿಗುತ್ತದೆ. ಕ್ಲಿಕ್ ತೀರಾ ಗಿಡ್ಡವಾದ್ದರಿಂದ ಬೇಸ್ ಎಷ್ಟು ಹೊತ್ತು ಕೆಳಗಿರಬೇಕು ಅನ್ನುವುದನ್ನು ಹೋಲ್ಡ್ ಮತ್ತು ರಿಲೀಸ್‌ಗಳಿಂದಲೇ ಹೊಂದಿಸಬೇಕಾಗುತ್ತದೆ, ಅದು ಗಮನದಲ್ಲಿರಲಿ.

ಕೆಳಭಾಗ ಮಾತ್ರ ತಗ್ಗಿಸುವುದು

ಸಾದಾ ಸೈಡ್‌ಚೈನ್‌ನ ದೊಡ್ಡ ದೋಷವೆಂದರೆ ಬೇಸ್‌ನ ಮೇಲ್ಭಾಗವನ್ನೂ ಎಳೆದುಕೊಂಡು ಹೋಗುವುದು. ಬೆರಳು ತಂತಿಗೆ ತಾಗುವ ಸದ್ದು, ಪಿಕ್‌ನ ಚಟಪಟ, ನೋಟ್ ಯಾವುದೆಂದು ತಿಳಿಸುವ ಹಾರ್ಮೋನಿಕ್‌ಗಳು ಬಹುಪಾಲು 200 ಹರ್ಟ್ಸ್‌ಗಿಂತ ಮೇಲಿವೆ. ಅಲ್ಲಿ ಕಿಕ್ ಜೊತೆ ಜಗಳವೇ ಇಲ್ಲ. ಕಿವಿ ಬೇಗ ಪತ್ತೆಹಚ್ಚುವ ಏರಿಳಿತವೂ ಅಲ್ಲಿಯದೇ. ಆದ್ದರಿಂದ ಪೂರ್ತಿ ಬೇಸನ್ನು 3 ಡೆಸಿಬಲ್ ತಗ್ಗಿಸಿದಾಗ ಕೇಳಿಸುವ ತುಯ್ದಾಟ, 120 ಹರ್ಟ್ಸ್ ಕೆಳಗೆ ಮಾತ್ರ 6 ಡೆಸಿಬಲ್ ತಗ್ಗಿಸಿದರೂ ಕೇಳದೇ ಹೋಗಬಹುದು.

ಹೊರಗಿನ ಸೈಡ್‌ಚೈನ್ ಒಪ್ಪುವ ಮಲ್ಟಿಬ್ಯಾಂಡ್ ಕಂಪ್ರೆಸರ್ ಇದ್ದರೆ ಕೆಲಸ ಸುಲಭ: 100ರಿಂದ 150 ಹರ್ಟ್ಸ್‌ನಲ್ಲಿ ಒಂದು ಗೆರೆ ಎಳೆದು, ಕೆಳಗಿನ ಬ್ಯಾಂಡನ್ನು ಮಾತ್ರ ಕಿಕ್‌ಗೆ ಒಪ್ಪಿಸಿ. ಇಲ್ಲದಿದ್ದರೆ ಬೇಸ್ ಟ್ರ್ಯಾಕನ್ನು ನಕಲು ಮಾಡಿ, ಒಂದಕ್ಕೆ ಲೋಪಾಸ್, ಇನ್ನೊಂದಕ್ಕೆ ಹೈಪಾಸ್ (ಮೇಲಿನ ದನಿ ಮಾತ್ರ ಬಿಡುವುದು) ಹಾಕಿ, ಕೆಳಗಿನದರ ಮೇಲೆ ಮಾತ್ರ ಸೈಡ್‌ಚೈನ್ ಇಡಬಹುದು. ಇಲ್ಲೊಂದು ಗುಂಡಿ ಇದೆ. ಆಕ್ಟೇವ್‌ಗೆ 24 ಡೆಸಿಬಲ್ ಇಳಿಯುವ ಮಾಮೂಲಿ ಬಟರ್‌ವರ್ತ್ ಫಿಲ್ಟರ್‌ಗಳು ಸೇರುವ ಜಾಗದಲ್ಲಿ 3 ಡೆಸಿಬಲ್ ಉಬ್ಬು ಮೂಡುತ್ತದೆ. ಲಿಂಕ್‌ವಿಟ್ಸ್ ರೈಲಿ ಮಾದರಿಯ ಫಿಲ್ಟರ್‌ಗಳಾದರೆ ಸಮತಟ್ಟಾಗಿ ಸೇರುತ್ತವೆ. ಇಕ್ಯೂನಲ್ಲಿ ಆ ಹೆಸರಿನ ಆಯ್ಕೆ ಇಲ್ಲದಿದ್ದರೆ 12 ಡೆಸಿಬಲ್‌ನ ಎರಡು ಬಟರ್‌ವರ್ತ್ ಫಿಲ್ಟರ್‌ಗಳನ್ನು ಒಂದೇ ಹರ್ಟ್ಸ್‌ಗೆ ಇಟ್ಟು ಒಂದರ ಹಿಂದೊಂದು ಹಾಕಿ, ಅದೇ ಆಗುತ್ತದೆ. ಸೈಡ್‌ಚೈನ್ ಬೈಪಾಸ್ ಮಾಡಿದಾಗ ಎರಡೂ ನಕಲು ಸೇರಿ ಮೂಲದಂತೆಯೇ ಕೇಳುತ್ತಿದೆಯೇ ಎಂದು ಪರೀಕ್ಷಿಸಿಯೇ ಮುಂದೆ ಹೋಗಿ.

ಮನೆಯಲ್ಲಿ ಬ್ಯಾಂಡ್ ಹಾಡು ಮಾಡುವವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಶುರುವಿಗೆ ಅಟ್ಯಾಕ್ 8, ರಿಲೀಸ್ 120 ಮಿಲಿಸೆಕೆಂಡ್, ತಗ್ಗಿಸುವಿಕೆ 4ರಿಂದ 6 ಡೆಸಿಬಲ್ ಇಟ್ಟುಕೊಳ್ಳಿ.

ಡೈನಾಮಿಕ್ ಇಕ್ಯೂ

ಇದು ಇನ್ನೂ ಸಣ್ಣ ಕತ್ತಿ. ಕಿಕ್‌ನ ಮೂಲಸ್ವರ ಎಲ್ಲಿದೆ ಅಂತ ಅನಲೈಸರ್‌ನಲ್ಲಿ ಹುಡುಕಿ, ಬೇಸ್‌ನಲ್ಲಿ ಅದೇ ಜಾಗಕ್ಕೆ ಒಂದು ಬ್ಯಾಂಡ್ ಇಟ್ಟು, ಕಿಕ್ ಬಿದ್ದಾಗ ಮಾತ್ರ 4–6 ಡೆಸಿಬಲ್ ಇಳಿಯುವಂತೆ ಮಾಡುವುದು. ಟಿಡಿಆರ್ ನೋವಾ ಉಚಿತವಾಗಿ ಸಿಗುತ್ತದೆ, ಹೊರಗಿನ ಸೈಡ್‌ಚೈನನ್ನೂ ಒಪ್ಪುತ್ತದೆ. ಫ್ಯಾಬ್‌ಫಿಲ್ಟರ್ ಪ್ರೋ ಕ್ಯೂ 3ರಲ್ಲೂ ಇದು ಆಗುತ್ತದೆ. ಟ್ರ್ಯಾಕ್‌ಸ್ಪೇಸರ್ ಇದೇ ಜಾತಿಯದು, ಅದು 32 ಬ್ಯಾಂಡ್‌ಗಳಲ್ಲಿ ತಾನೇ ಕಿಕ್‌ನ ಆಕಾರ ನೋಡಿ ಬೇಸ್‌ನಲ್ಲಿ ಜಾಗ ಬಿಡಿಸುತ್ತದೆ.

ಎಲ್ಲರೂ ಇದನ್ನು ಅತಿ ಸೂಕ್ಷ್ಮ, ಆದ್ದರಿಂದ ಅತಿ ಉತ್ತಮ ಅಂದುಕೊಳ್ಳುತ್ತಾರೆ. ಬೇಸ್‌ನ ಮಟ್ಟಿಗೆ ಅದು ಅರ್ಧ ನಿಜ. ಬ್ಯಾಂಡ್ 55 ಹರ್ಟ್ಸ್‌ನಲ್ಲಿ ಕಿರಿದಾಗಿ ಕೂತಿದ್ದರೆ ಖಾಲಿ ಎ ತಂತಿಯ ನೋಟ್ ಪೂರ್ತಿ ಏಟು ತಿನ್ನುತ್ತದೆ, 73 ಹರ್ಟ್ಸ್‌ನ ಡಿ ಪಾರಾಗುತ್ತದೆ. ಬೇಸ್ ನಡೆಯುತ್ತಾ ಹೋದಂತೆ ಒಂದು ನೋಟ್ ಸಣಕಲು, ಇನ್ನೊಂದು ದಪ್ಪ. ಕ್ಯೂ ಮೌಲ್ಯವನ್ನು 1ರ ಆಸುಪಾಸಿಗೆ ಇಳಿಸಿ ಅಗಲ ಮಾಡಿದರೆ, ಅಥವಾ ಬೆಲ್ ಬದಲು ಲೋ ಶೆಲ್ಫ್ ಹಾಕಿದರೆ ಇದು ತಹಬಂದಿಗೆ ಬರುತ್ತದೆ. ಆದರೆ ಅಷ್ಟು ಅಗಲ ಮಾಡಿದ ಮೇಲೆ ಮಲ್ಟಿಬ್ಯಾಂಡ್‌ಗೂ ಇದಕ್ಕೂ ವ್ಯತ್ಯಾಸ ತೆಳ್ಳಗಾಗುತ್ತದೆ. ಡೈನಾಮಿಕ್ ಇಕ್ಯೂ ನಿಜಕ್ಕೂ ಗೆಲ್ಲುವುದು ಬೇಸ್ ಒಂದೆರಡು ನೋಟ್‌ಗಳಲ್ಲೇ ನಿಂತಿರುವ ಹಾಡಿನಲ್ಲಿ, ಅಥವಾ ಉದ್ದ ಬಾಲದ ಕಿಕ್ ಸ್ಯಾಂಪಲ್ ಒಂದೇ ಸ್ವರದಲ್ಲಿ ಗುನುಗುತ್ತಿರುವಾಗ.

ಲೀನಿಯರ್ ಫೇಸ್ ಬಟನ್ ಕಂಡರೆ ಒತ್ತಬೇಡಿ. ಕೆಳದನಿಯಲ್ಲಿ ಅದು ಏಟಿಗೂ ಮುಂಚೆಯೇ ಮಂದವಾದ ಅನುರಣನ ಸೇರಿಸುತ್ತದೆ, ಲೇಟೆನ್ಸಿಯೂ (ದನಿ ತಡವಾಗಿ ಬರುವುದು) ಹೆಚ್ಚು. ಬಿಗಿಗೊಳಿಸಲು ಹೊರಟವರಿಗೆ ಎರಡೂ ಬೇಡ.

ವಾಲ್ಯೂಮ್ ಶೇಪರ್ ಮತ್ತು ಕೈಯಾರೆ ಆಟೊಮೇಶನ್

ಎಲ್‌ಎಫ್‌ಒ ಟೂಲ್, ಕಿಕ್‌ಸ್ಟಾರ್ಟ್, ವಾಲ್ಯೂಮ್‌ಶೇಪರ್ ಮೊದಲಾದವು ಕಂಪ್ರೆಸರ್‌ಗಳಲ್ಲ. ನೀವು ಬರೆದ ಗೆರೆಯಂತೆ ವಾಲ್ಯೂಮ್ ಏರಿಳಿಸುವುದಷ್ಟೇ ಅವುಗಳ ಕೆಲಸ. ಹಾಡಿನ ಟೆಂಪೋ ಜೊತೆ ಓಡುವುದರಿಂದ ಥ್ರೆಶೋಲ್ಡ್, ಸೋರಿಕೆ, ಏಟಿನ ಜೋರು ಯಾವುದರ ತಲೆನೋವೂ ಇಲ್ಲ. ಪ್ರತಿ ಸಲವೂ ಒಂದೇ ಆಕಾರ. ಆ ಆಕಾರವನ್ನು ಕಂಪ್ರೆಸರ್‌ಗಿಂತ ಚೆನ್ನಾಗಿ ತಿದ್ದಲೂ ಬಹುದು: ಮೊದಲ 3 ಮಿಲಿಸೆಕೆಂಡ್‌ನಲ್ಲಿ ದುಂಡಗೆ ಇಳಿಸಿ, 80 ಮಿಲಿಸೆಕೆಂಡ್ ತಳದಲ್ಲೇ ಹಿಡಿದು, ಆಮೇಲೆ ಬಾಗಿದ ಗೆರೆಯಲ್ಲಿ ಏರಿಸುವುದನ್ನು ಕಣ್ಣಾರೆ ನೋಡುತ್ತಾ ಮಾಡಬಹುದು.

ಪ್ರತಿ ಬೀಟ್‌ಗೂ ಕಿಕ್ ಇರುವ ಸಂಗೀತಕ್ಕೆ ಇದನ್ನು ಮೀರಿಸುವ ದಾರಿ ಬೇರೊಂದಿಲ್ಲ. ಕಿಕ್ ವಿನ್ಯಾಸ ಬದಲಾಗುವ ಹಾಡಿನಲ್ಲಿ ಮಾತ್ರ ಶೇಪರ್ ಕುರುಡಾಗುತ್ತದೆ, ಇಲ್ಲದ ಕಿಕ್‌ಗೂ ಬೇಸ್ ತಲೆ ಬಾಗಿಸುತ್ತದೆ. ಮಿಡಿ ನೋಟ್‌ನಿಂದ ಟ್ರಿಗರ್ ಆಗುವ ಆಯ್ಕೆ ಇದ್ದರೆ ಕಿಕ್‌ನ ಮಿಡಿಯನ್ನೇ ಅದಕ್ಕೆ ಕಳಿಸಿ ಇದನ್ನು ತಪ್ಪಿಸಬಹುದು. ಕ್ಲಿಕ್ ಟ್ರ್ಯಾಕ್ ಇಲ್ಲದೆ ನುಡಿಸಿದ ಡ್ರಮ್ಸ್‌ಗೆ ಟೆಂಪೋ ಸಿಂಕ್ ಶೇಪರ್ ಹಾಕುವ ಪ್ರಶ್ನೆಯೇ ಏಳುವುದಿಲ್ಲ.

ಪ್ಲಗಿನ್ ಏನೂ ಇಲ್ಲದವರು ಆಟೊಮೇಶನ್‌ನಲ್ಲಿ ಒಂದು ಕಿಕ್‌ಗೆ ಈ ಗೆರೆ ಬರೆದು ನಕಲು ಮಾಡುತ್ತಾ ಹೋದರೂ ಫಲ ಅದೇ. ಫೇಡರ್‌ನ ಆಟೊಮೇಶನ್‌ನಲ್ಲಿ ಬರೆಯಬೇಡಿ, ಮಿಕ್ಸ್ ಮಾಡುವಾಗ ಫೇಡರ್ ಅಲುಗಿಸಲಾಗದೆ ಸಿಕ್ಕಿಬೀಳುತ್ತೀರಿ. ಟ್ರಿಮ್ ಅಥವಾ ಗೇನ್ ಪ್ಲಗಿನ್‌ನಲ್ಲಿ ಬರೆಯಿರಿ.

ಇನ್ನೆರಡು ದಾರಿ

ಡ್ರಮ್ಸ್ ಮತ್ತು ಬೇಸ್ ಎರಡನ್ನೂ ಒಂದೇ ಬಸ್‌ಗೆ ಕಳಿಸಿ ಅದರ ಮೇಲೆ ಒಂದು ಕಂಪ್ರೆಸರ್ ಹಾಕುವುದನ್ನು ಕೆಲವರು ಸೈಡ್‌ಚೈನ್‌ಗೆ ಬದಲಿ ಎನ್ನುತ್ತಾರೆ. ಅಲ್ಲ. ಅಲ್ಲಿ ಕಿಕ್ ಬಿದ್ದಾಗ ಕಿಕ್ ಸಮೇತ ಎಲ್ಲವೂ ತಗ್ಗುತ್ತದೆ. ಒಂದೇ ಕೋಣೆಯಲ್ಲಿ ನುಡಿಸಿದ ಭಾವನೆ ಬರುತ್ತದೆ, ಜಾಗ ಬಿಡಿಸಿದಂತಾಗುವುದಿಲ್ಲ.

ಕಂಪ್ರೆಸರ್ ಬದಲು ಗೇಟನ್ನು (ಸದ್ದು ಬಂದಾಗ ಮಾತ್ರ ತೆರೆಯುವ ಬಾಗಿಲು) ಕಿಕ್‌ನಿಂದ ನಡೆಸುವುದು ಇನ್ನೊಂದು. ಬೇಸ್ ಮೇಲೆ ಗೇಟ್, ಅದರ ರೇಂಜ್ 6 ಡೆಸಿಬಲ್ ಮಾತ್ರ, ಕಿಕ್ ಬಂದಾಗ ತೆರೆಯಬೇಕು. ಬೇಸ್ ಕಿಕ್‌ಗಿಂತ ತುಸು ಮುಂಚೆ ಬಿದ್ದಿದ್ದರೆ ಆ ಅವಸರದ ತುದಿ ತಗ್ಗಿದ ಮಟ್ಟದಲ್ಲಿ ಕಳೆದುಹೋಗಿ, ಎರಡೂ ಒಟ್ಟಿಗೆ ಬಿದ್ದಂತೆ ಕೇಳುತ್ತದೆ. ತಡವಾಗಿ ಬಿದ್ದ ನೋಟ್‌ಗೆ ಇದರಿಂದ ಉಪಯೋಗವಿಲ್ಲ, ಅದನ್ನು ಎಳೆದು ಕೂರಿಸಲೇಬೇಕು.

ಯಾವುದನ್ನು ಹಿಡಿಯುವುದು

ಬೇಸ್ ಮತ್ತು ಡ್ರಮ್ಸ್ ನುಡಿಸಿದ್ದು, ಏರಿಳಿತ ಕೇಳಬಾರದು ಅಂದರೆ ಕೆಳಬ್ಯಾಂಡ್ ಸೈಡ್‌ಚೈನ್. ಸಿಂತ್ ಬೇಸ್, ಗ್ರಿಡ್ ಮೇಲಿನ ಕಿಕ್, ಏರಿಳಿತವೇ ತಾಳದ ಭಾಗವಾಗಬೇಕು ಅಂದರೆ ಶೇಪರ್. ಪ್ರೋಗ್ರಾಂ ಮಾಡಿದ ಡ್ರಮ್ಸ್, ನುಡಿಸಿದ ಬೇಸ್ ಇದ್ದು ಕಿಕ್ ವಿನ್ಯಾಸ ಹಾಡಿನುದ್ದಕ್ಕೂ ಬದಲಾಗುತ್ತಿದ್ದರೆ ಟ್ರಿಗರ್ ಟ್ರ್ಯಾಕ್ ಜೊತೆ ಸಾದಾ ಕಂಪ್ರೆಸರ್. ಒಂದು ನೋಟ್ ಮಾತ್ರ ಕಿಕ್ ಜೊತೆ ಕಾದಾಡುತ್ತಿದ್ದರೆ ಡೈನಾಮಿಕ್ ಇಕ್ಯೂ. ಫೋನ್ ಸ್ಪೀಕರ್‌ನಲ್ಲಿ ಬೇಸ್ ಕೇಳುತ್ತಿಲ್ಲ ಅನ್ನುವುದು ನಿಮ್ಮ ದೂರಾದರೆ ಇವ್ಯಾವುವೂ ಅಲ್ಲ. ಆ ಪುಟ್ಟ ಸ್ಪೀಕರ್‌ಗಳು 100 ಹರ್ಟ್ಸ್ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ, ಬೇಸ್‌ಗೆ ಸ್ಯಾಚುರೇಶನ್ ಹಾಕಿ ಮೇಲಿನ ಹಾರ್ಮೋನಿಕ್ ಹುಟ್ಟಿಸಬೇಕು.

ಆರಿಸಿದ್ದನ್ನು ಪರೀಕ್ಷಿಸುವಾಗ ಎಂಟು ಬಾರ್ ಲೂಪ್ ಹಾಕಿ, ಮೋನೋದಲ್ಲಿ, ಮೆಲ್ಲನೆ ಮಾತಾಡುವಷ್ಟು ದನಿಯಲ್ಲಿ ಕೇಳಿ. ಬೈಪಾಸ್ ಮಾಡಿದಾಗ ಕಿಕ್ ಹಿಂದೆ ಸರಿಯಬೇಕು, ಮತ್ತೆ ಹಾಕಿದಾಗ ಕಿಕ್ ಮುಂದೆ ಬರಬೇಕು, ಬೇಸ್ ತಗ್ಗಿದ್ದು ಮಾತ್ರ ಗೊತ್ತಾಗಬಾರದು. ಬೇಸ್‌ನ ಏರಿಳಿತವೇ ಮೊದಲು ಕಿವಿಗೆ ಬಿದ್ದರೆ ಪ್ರಮಾಣ ಅರ್ಧಕ್ಕಿಳಿಸಿ.

ಡಬಲ್ ಕಿಕ್ ಪೆಡಲ್ ಓಡುವ ಹಾಡುಗಳಿಗೆ ಈ ಲೆಕ್ಕಾಚಾರ ಹೊಂದುವುದಿಲ್ಲ. 180 ಬಿಪಿಎಂನಲ್ಲಿ ಕಾಲು ಬೀಟ್‌ಗೊಂದು ಏಟು ಬಿದ್ದರೆ ನಡುವಿನ ಅಂತರ 83 ಮಿಲಿಸೆಕೆಂಡ್. ಆ ಅವಧಿಯಲ್ಲಿ 41 ಹರ್ಟ್ಸ್ ನೋಟ್ ಮೂರೂವರೆ ಸುತ್ತು ಕೂಡ ಮುಗಿಸಿರುವುದಿಲ್ಲ, ಯಾವ ರಿಲೀಸ್ ಇಟ್ಟರೂ ಬೇಸ್ ಒಂದೋ ಗರಗರ ಅನ್ನುತ್ತದೆ, ಇಲ್ಲವೇ ಕೆಳಗೇ ಬಿದ್ದಿರುತ್ತದೆ. ಅಂಥ ಭಾಗಗಳಲ್ಲಿ ಸೈಡ್‌ಚೈನನ್ನು ಆಟೊಮೇಶನ್‌ನಿಂದ ಬೈಪಾಸ್ ಮಾಡಿ, ಕಿಕ್‌ಗೆ 70 ಹರ್ಟ್ಸ್‌ವರೆಗೆ ಹೈಪಾಸ್ ಹಾಕಿ ಅದರ ಕ್ಲಿಕ್ಕನ್ನು 3–5 ಕಿಲೋಹರ್ಟ್ಸ್‌ನಲ್ಲಿ ಎತ್ತಿ, ಕೆಳಗಿನ ಜಾಗವನ್ನು ಪೂರ್ತಿ ಬೇಸ್‌ಗೆ ಬಿಟ್ಟುಬಿಡಿ.